ಊಟ ಆಯ್ತಾ ಎಂದ ಮೀಟರು

ಲಸಿಕೆಯ ಫ್ರಿಜ್ಜಿನಲ್ಲಿ ಒಂದು ವೈರ್‌ಲೆಸ್ ಥರ್ಮಾಮೀಟರ್ ಇತ್ತು. ಅದರೊಳಗಿನ ಚಾರ್ಜ್ ಮೀಟರು, ಸುಮ್ಮನೆ ಕೂತಿದ್ದ ಬ್ಯಾಟರಿಯನ್ನು ದಿನಾ "ಊಟ ಆಯ್ತಾ?" ಎಂದು ವಿಚಾರಿಸುತ್ತಿತ್ತು. ಹಸಿದಿದ್ದರೂ ಬ್ಯಾಟರಿ ಮರ್ಯಾದೆಗೆ "ಆಯ್ತು" ಎನ್ನುತ್ತಿತ್ತು. ಮೀಟರು "ಚಾರ್ಜ್ ಪೂರ್ತಿ ಇದೆ" ಎಂದು ತೋರಿಸುತ್ತಿತ್ತು.

ಒಂದು ಮಧ್ಯಾಹ್ನ ಫ್ರಿಜ್ಜು ಕೆಟ್ಟಿತು. ಸುದ್ದಿ ಕಳಿಸಲು ಥರ್ಮಾಮೀಟರಿನೊಳಗಿನ ರೇಡಿಯೊ ಎದ್ದು ಬ್ಯಾಟರಿಯ ಹೆಗಲೇರಿತು. ಬ್ಯಾಟರಿ ಅಲ್ಲೇ ಕುಸಿಯಿತು. ಸುದ್ದಿ ಹೋಗಲಿಲ್ಲ, ಲಸಿಕೆಯೆಲ್ಲ ಹಾಳಾಯಿತು.

"ಊಟ ಆಯ್ತು ಅಂದಿದ್ದೆಯಲ್ಲ?" ಎಂದು ಮೀಟರು ಗದರಿತು.

"ಕೂತವರನ್ನು ಕೇಳಿದರೆ ಎಲ್ಲರೂ ಆಯ್ತು ಅಂತಲೇ ಹೇಳ್ತಾರೆ. ಹೊರೆ ಹೊರಿಸಿ ನೋಡಬೇಕಿತ್ತು," ಎಂದಿತು ಬ್ಯಾಟರಿ.

ಮರುದಿನ ಹೊಸ ಬ್ಯಾಟರಿ ಬಂತು. "ನನ್ನ ಊಟ ಆಯ್ತು," ಎಂದು ಅದೇ ಮೊದಲು ಹೇಳಿತು.

"ಇರಲಿ," ಎಂದಿತು ಮೀಟರು. "ಒಮ್ಮೆ ರೇಡಿಯೊನ ಎತ್ತು. ಎಷ್ಟು ಬಾಗ್ತೀಯ ನೋಡಿ, ಊಟ ಆಗಿದೆಯೋ ಇಲ್ವೋ ಆಮೇಲೆ ನಾನೇ ಹೇಳ್ತೀನಿ."