ಹಗ್ಗಕ್ಕೆ ಕೈ ಹಾಕಿದವರ ಪಾಲು

ಸಣ್ಣಬೇಲೆ ಎಂಬ ಕಡಲತೀರದ ಪುಟ್ಟ ಊರಿನಲ್ಲಿ ಬಸವಣ್ಣೆಪ್ಪ ಎಂಬ ಬಸ್ ಡ್ರೈವರ್ ಇದ್ದ. ಹುಟ್ಟಿದ್ದು ಹಾವೇರಿ ಕಡೆ. ಸರ್ವಿಸ್ಸಿನ ಕೊನೆಯ ವರ್ಷಗಳಲ್ಲಿ ಘಟ್ಟ ಇಳಿದು ಇದೇ ಊರಿಗೆ ಬಸ್ಸು ತರುತ್ತಿದ್ದ. ಕಡಲಿಗೆ ಮನಸೋತು, ನಿವೃತ್ತಿಯಾದ ಮೇಲೆ ಇಲ್ಲೇ ಒಂದು ಬಾಡಿಗೆ ಮನೆ ಹಿಡಿದ.

ಸುಮ್ಮನೆ ಕೂರುವ ಜೀವವಲ್ಲ ಅದು. ದಿನಾ ಬೆಳಿಗ್ಗೆ ಗೋಣಿಚೀಲ, ಬುಟ್ಟಿ, ಸಲಿಕೆ ಹಿಡಿದು ಹೊರಡುತ್ತಿದ್ದ. ದಂಡೆಯ ಮೇಲಿನ ಬಾಟಲಿ, ಹರಿದ ಬಲೆ, ಪ್ಲಾಸ್ಟಿಕ್ಕು ಎಲ್ಲ ಹೆಕ್ಕುತ್ತಿದ್ದ. ಮೀನುಗಾರರ ಕೇರಿಯ ಪಕ್ಕದ ಹಳ್ಳಕ್ಕಿಳಿದು ಕಸ ತೆಗೆಯುತ್ತಿದ್ದ. ಯಾರೂ ಹೇಳಿದ್ದಲ್ಲ, ಯಾರೂ ಸಂಬಳ ಕೊಟ್ಟದ್ದಲ್ಲ. ಅವನದು ಒಂದೇ ನಿಯಮ: ಸೇವೆ ಮಾಡುವವನು ಯಾರಿಂದಲೂ ಏನೂ ತೆಗೆದುಕೊಳ್ಳಬಾರದು.

ಕೇರಿಯ ಮೊದಲ ಮನೆ ಮಾದೇವಕ್ಕನದು. ಒಣಮೀನು ಮಾರುವ, ಗಟ್ಟಿ ದನಿಯ ಹೆಂಗಸು. "ಡ್ರೈವರ್ರೇ, ಒಂದು ಲೋಟ ಚಾ ಕುಡ್ದು ಹೋಗಿ" ಎಂದು ಅವಳು ಕರೆದರೆ, "ಬ್ಯಾಡ್ರೀ ಅಕ್ಕಾರ, ನಾ ಸೇವಾ ಮಾಡಾಕ ಬಂದಾಂವ" ಎಂದು ಕೈ ಮುಗಿದು ಮುಂದೆ ಹೋಗುತ್ತಿದ್ದ. ಎಳನೀರು ಕೊಟ್ಟರೂ ಬೇಡ. ಕುಡಿಯುವ ನೀರನ್ನೂ ಮನೆಯಿಂದಲೇ ಬಾಟಲಿಯಲ್ಲಿ ತರುತ್ತಿದ್ದ. ಈ ನಿಯಮದ ಬಗ್ಗೆ ಅವನಿಗೆ ಒಳಗೊಳಗೇ ಹೆಮ್ಮೆ ಇತ್ತು. ಸ್ವಲ್ಪವಲ್ಲ, ಸಾಕಷ್ಟೇ ಇತ್ತು.

ಮೇ ತಿಂಗಳ ಕೊನೆ ಬಂತು. ಬೇಸಿಗೆಯಲ್ಲಿ ಕಡಲು ಮರಳು ತಂದು ಹಾಕಿ ಹಳ್ಳದ ಬಾಯಿ ಮುಚ್ಚಿಬಿಡುತ್ತದೆ. ಮಳೆಗೆ ಮೊದಲು ಅದನ್ನು ಕಡಿದು ಬಿಡಿಸದಿದ್ದರೆ ನೀರು ಕೇರಿಗೆ ನುಗ್ಗುತ್ತದೆ. ಅವನು ಬಂದ ವರ್ಷವೇ, ಹಿಂದಿನ ಮಳೆಗಾಲದಲ್ಲಿ, ಹಾಗೇ ಆಗಿ ಅಂಗನವಾಡಿಯೊಳಗೆ ಮೊಣಕಾಲುದ್ದ ನೀರು ನಿಂತಿತ್ತು. ಈ ಸಲವೂ ನೀರು ನಿಂತರೆ ಅಂಗನವಾಡಿಯನ್ನು ಹೆದ್ದಾರಿಯ ಆಚೆಗೆ ಸಾಗಿಸುತ್ತೇವೆಂದು ಮೇಲಿನವರು ಹೇಳಿದ್ದರು. ಲಾರಿಗಳು ಓಡುವ ಆ ರಸ್ತೆಯನ್ನು ಅಷ್ಟು ಸಣ್ಣ ಮಕ್ಕಳು ದಿನಾ ದಾಟುವುದು ಹೇಗೆ? ಜೀವಮಾನವಿಡೀ ಸ್ಟೇರಿಂಗ್ ಹಿಡಿದ ಬಸವಣ್ಣೆಪ್ಪನಿಗೆ ಆ ಲಾರಿಗಳ ವೇಗ ಚೆನ್ನಾಗಿ ಗೊತ್ತಿತ್ತು.

ಒಬ್ಬನೇ ಕಡಿದ. ಬೆಳಿಗ್ಗೆ ಕಡಿದ ಕಾಲುವೆಯನ್ನು ಸಂಜೆ ಉಬ್ಬರ ಬಂದು ಮುಚ್ಚಿ ಹೋಯಿತು. ಮರುದಿನವೂ ಅದೇ ಕಥೆ. ಮನೆಮನೆಗೆ ಹೋಗಿ ಕರೆದ. "ಹೋ, ಬರ್ತೇವೆ, ಬರ್ತೇವೆ" ಅಂದರು. ಬಂದದ್ದು ಮಾತ್ರ ಒಂದು ನಾಯಿ. ಅದೂ ದೋಣಿಯ ನೆರಳು ಹುಡುಕಿ ಮಲಗಿತು. ಬಸವಣ್ಣೆಪ್ಪ ಸಲಿಕೆ ಬಿಸಾಕಿ ಮರಳಿನಲ್ಲಿ ಕುಸಿದು ಕೂತ. 'ಇಷ್ಟು ದುಡಿದರೂ ಈ ಜನಕ್ಕೆ ಉಪಕಾರ ಸ್ಮರಣೆಯೇ ಇಲ್ಲ' ಎಂದು ಅವನ ಕಣ್ಣು ತುಂಬಿ ಬಂತು.

ಆ ಹೊತ್ತಿಗೆ ದಂಡೆಯಲ್ಲಿ ರಂಪಣಿ ಬಲೆ ಎಳೆಯುತ್ತಿದ್ದರು. ದೋಣಿಯಲ್ಲಿ ಹೋಗಿ ಕಡಲಿಗೆ ಬಿಟ್ಟ ದೊಡ್ಡ ಬಲೆಯನ್ನು ದಡದಲ್ಲಿ ನಿಂತು ಎರಡೂ ಕಡೆಯ ಹಗ್ಗದಿಂದ ಎಳೆಯಬೇಕು. ಅಂದು ಬಲೆ ಭಾರವಾಗಿತ್ತು, ಜನ ಸಾಲದೇ ಹೋಗಿತ್ತು.

"ಡ್ರೈವರ್ರೇ, ಎಂತ ನೋಡ್ತಾ ಕೂತ್ರಿ? ಹಗ್ಗಕ್ಕೆ ಕೈ ಹಾಕಿ ಮಾರಾಯ್ರೆ!" ಮಾದೇವಕ್ಕ ಕೂಗಿದಳು.

ಸಿಟ್ಟಿನಲ್ಲಿದ್ದರೂ ಎದ್ದು ಹೋಗಿ ಎಳೆದ. ಅಂಗೈ ಸುಲಿಯಿತು. ಕೊನೆಗೆ ಬೆಳ್ಳಗೆ ಮಿರಮಿರ ಮಿನುಗುವ ಮೀನು ದಡಕ್ಕೆ ಬಂತು, ಎಲ್ಲರೂ ಹೋ ಎಂದರು. ಆಮೇಲೆ ಮರಳಿನ ಮೇಲೆ ಪಾಲು ಹಾಕಿದರು. ಹಗ್ಗಕ್ಕೆ ಕೈ ಹಾಕಿದ ಪ್ರತಿಯೊಬ್ಬರಿಗೂ ಒಂದೊಂದು ಗುಡ್ಡೆ. ಅದು ಅಲ್ಲಿಯ ರೂಢಿ. ಎಲ್ಲರೂ ತಮ್ಮ ತಮ್ಮ ಪಾಲು ಎತ್ತಿಕೊಂಡ ಮೇಲೂ ಒಂದು ಗುಡ್ಡೆ ಉಳಿಯಿತು.

"ಇದು ನಿಮ್ದು" ಎಂದಳು ಮಾದೇವಕ್ಕ.

"ನಾ ಮೀನಾ ತಿನ್ನಂಗಿಲ್ರೀ. ಸುಮ್ನ ಸಹಾಯ ಮಾಡಿದೆ. ನನಗೇನೂ ಬ್ಯಾಡ."

ಮಾದೇವಕ್ಕ ಸೊಂಟಕ್ಕೆ ಕೈಯಿಟ್ಟು ಎದುರು ನಿಂತಳು.

"ತಿಂಬುದು ಬಿಡುದು ನಿಮಗೆ ಬಿಟ್ಟದ್ದು. ಪಾಲು ಬೇಡ ಅಂಬುದು ಎಂತಕ್ಕೆ? ಇಷ್ಟು ದಿನ ಆಯ್ತು, ನಮ್ಮ ಕೇರೀಲಿ ಒಂದು ಲೋಟ ನೀರು ಕುಡಿಲಿಲ್ಲ ನೀವು. ಪಂಚಾಯ್ತಿ ಸಂಬಳ ಬರ್ತದೆ ಅಂತ ಕೆಲವರು ಅಂದ್ರು. ಎಂಥದೋ ಹರಕೆ ಅಂತ ಕೆಲವರು. ನಮ್ಮ ಕೈ ನೀರು ಇವರಿಗೆ ಆಗೂದಿಲ್ಲ ಅಂತ ನಾನು ತಿಳ್ಕಂಡೆ. ನೀವು ಬರುವ ಮುಂಚೆ ಹಳ್ಳದ ಬಾಯಿ ನಾವೇ ಎಲ್ಲ ಸೇರಿ ಬಿಡಿಸ್ತಿದ್ವು. ಈಗ ಅದು ನಿಮ್ಮ ಸೇವೆ ಆಯ್ತು. ಅದರಲ್ಲಿ ನಮ್ಮ ಪಾಲು ಎಲ್ಲಿದೆ ಅಂತ ಬರೂದು?"

ಬಸವಣ್ಣೆಪ್ಪನಿಗೆ ಕಪಾಳಕ್ಕೆ ಹೊಡೆದಂತಾಯಿತು. ತಾನು ದೊಡ್ಡ ಗುಣವೆಂದು ಬೀಗುತ್ತಿದ್ದ ನಿಯಮ ಇವರನ್ನು ದಿನಾ ನೋಯಿಸುತ್ತಿತ್ತು. ಅವನಿಗೆ ತುಂಬಾ ನಾಚಿಕೆಯಾಯಿತು.

"ತಪ್ಪಾತ್ರೀ ಅಕ್ಕಾರ. ನನ್ನ ತಲಿಯಾಗ ಇದು ಹೊಳದೇ ಇಲ್ಲ" ಎಂದವನೇ ಹೆಗಲ ಮೇಲಿನ ಬಿಳಿ ಟವೆಲು ಹಾಸಿ, ಹುಟ್ಟಿದಾಗಿನಿಂದ ಮುಟ್ಟದ ಮೀನನ್ನು ಎರಡೂ ಕೈಯಿಂದ ತುಂಬಿಕೊಂಡ. ಮೂಗು ಸ್ವಲ್ಪ ಸೊಟ್ಟಗಾದದ್ದು ನಿಜ. "ಈಗ ಇದು ನಂದಾತು, ಹೌದಿಲ್ಲೋ? ನನ್ನ ಪಾಲು ನಾ ನಿಮಗ ಕೊಡ್ತೀನಿ. ನೀವೂ ಬ್ಯಾಡ ಅನ್ನಬ್ಯಾಡ್ರಿ. ನನಗ ಆ ಚಾ ಕೊಡ್ರಿ."

ಮಾದೇವಕ್ಕ ಗಹಗಹಿಸಿ ನಕ್ಕಳು. ಅಂದು ಬಸವಣ್ಣೆಪ್ಪ ಅವಳ ಜಗಲಿಯಲ್ಲಿ ಕೂತು ಎರಡು ಲೋಟ ಚಾ ಕುಡಿದ.

ಮರುದಿನ ಇಳಿತದ ಹೊತ್ತಿಗೆ, ಕೇರಿಯವರು ಬರುತ್ತಾರೋ ಇಲ್ಲವೋ ಎಂದುಕೊಳ್ಳುತ್ತಲೇ ಸಲಿಕೆ ಹಿಡಿದು ಹೋದ. ಹಳ್ಳದ ಬಾಯಲ್ಲಿ ಅರ್ಧ ಕೇರಿ ನಿಂತಿತ್ತು! ಗಂಡಸರು ಕಡಿದರು, ಹೆಂಗಸರು ಬುಟ್ಟಿಯಲ್ಲಿ ಮರಳು ಸಾಗಿಸಿದರು. ಉಬ್ಬರ ಬರುವ ಮೊದಲೇ ಕಾಲುವೆ ಆಳವಾಯಿತು. ಕಟ್ಟಿ ನಿಂತಿದ್ದ ಹಳ್ಳದ ನೀರು ಒಮ್ಮೆಗೇ ನುಗ್ಗಿ, ಉಳಿದ ಮರಳನ್ನೂ ಕೊಚ್ಚಿಕೊಂಡು ಕಡಲು ಸೇರಿತು.

ಜೂನಿನಲ್ಲಿ ಮಳೆ ಧೋ ಎಂದು ಸುರಿಯಿತು. ಹಳ್ಳ ಕೆಂಪಗೆ ತುಂಬಿ ಹರಿಯಿತು, ಆದರೆ ತನ್ನ ದಾರಿಯಲ್ಲೇ ಹರಿಯಿತು. ಅಂಗನವಾಡಿಯ ನೆಲ ಒಣಗಿಯೇ ಇತ್ತು. ಮಕ್ಕಳು ಎಂದಿನಂತೆ ಗಲಾಟೆ ಮಾಡುತ್ತಿದ್ದವು.

ಮಳೆ ಬಿಟ್ಟ ಒಂದು ಬೆಳಿಗ್ಗೆ ಬಸವಣ್ಣೆಪ್ಪ ಬುಟ್ಟಿ ತುಂಬ ಜೋಳದ ರೊಟ್ಟಿ ಬಡಿದುಕೊಂಡು, ಶೇಂಗಾ ಚಟ್ನಿ ಕುಟ್ಟಿಕೊಂಡು ಅಂಗನವಾಡಿಯ ಜಗಲಿಗೆ ಬಂದ. ಸಲಿಕೆಗೆ, ಬುಟ್ಟಿಗೆ ಕೈ ಹಾಕಿದ ಎಲ್ಲರಿಗೂ ಪಾಲು ಹಂಚಿದ. ಮಕ್ಕಳಿಗೂ ಮುರಿದು ಕೊಟ್ಟ. ಬುಟ್ಟಿ ಖಾಲಿಯಾಯಿತು. ಖುಷಿಯಿಂದ ಕೈ ಒರೆಸಿಕೊಂಡು ನಿಂತ.

"ನಿಮ್ಮ ಪಾಲು ಎಲ್ಲಿ?" ಮಾದೇವಕ್ಕ ಗದರಿದಳು.

ತನ್ನನ್ನು ಲೆಕ್ಕಕ್ಕೆ ಹಿಡಿಯಲು ಅವನು ಮತ್ತೆ ಮರೆತಿದ್ದ. ಮಾದೇವಕ್ಕ ತನ್ನ ರೊಟ್ಟಿಯನ್ನು ಅರ್ಧ ಮುರಿದು ಅವನೆದುರು ಹಿಡಿದಳು. ಬೇಡ ಎನ್ನುವ ಮಾತು ನಾಲಗೆಯ ತುದಿಗೆ ಬಂದಿತ್ತು. ಅದನ್ನು ನುಂಗಿಕೊಂಡು ಬಸವಣ್ಣೆಪ್ಪ ಕೈ ಚಾಚಿದ.

ನೀತಿ: ಯಾರಿಂದಲೂ ಏನನ್ನೂ ಪಡೆಯದವನ ಸೇವೆ ಎಷ್ಟು ದೊಡ್ಡದಾದರೂ ಅವನೊಬ್ಬನದೇ ಆಗಿ ಉಳಿಯುತ್ತದೆ. ಕೊಡುವ ಕೈ, ಇತರರು ಪ್ರೀತಿಯಿಂದ ಕೊಟ್ಟದ್ದನ್ನು ತೆಗೆದುಕೊಳ್ಳಲೂ ಕಲಿಯಬೇಕು. ಆಗ ಒಬ್ಬನ ಸೇವೆ ಇಡೀ ಊರಿನ ಕೆಲಸವಾಗುತ್ತದೆ.