ಗೆಣಸಿನ ಮಡುವಿಗೆ ಆ ಹೆಸರು ಬಂದದ್ದು

ಶಿಂಷಾ ಹೊಳೆ ತೊರೆಹೊನ್ನಿಪುರದ ಸೇತುವೆ ದಾಟಿ ಎಡಕ್ಕೆ ಹೊರಳುವ ಕಡೆ, ಮೂರು ಆನೆಗಳು ಮೈಗೆ ಮೈ ಒತ್ತಿಕೊಂಡು ಮಲಗಿದಂತೆ ಮೂರು ಬಂಡೆಗಳಿವೆ. ಅವುಗಳ ಮಧ್ಯೆ ನೀರು ಸದ್ದಿಲ್ಲದೆ, ಕಪ್ಪಗೆ ನಿಂತಿದೆ. ಅದೇ ಗೆಣಸಿನ ಮಡು. ಭಾನುವಾರ ಬಂದು ನೋಡಿ, ಕೆಳಗಿನ ಮರಳದಿಣ್ಣೆಯ ಮೇಲೆ ಮಂಡ್ಯ, ಮದ್ದೂರುಗಳಿಂದ ಬೈಕಿನಲ್ಲಿ ಬಂದವರು ಗಾಳ ಹಾಕಿ ಸಾಲಾಗಿ ಕೂತಿರುತ್ತಾರೆ. ಅವರ ಟಿಫನ್ ಡಬ್ಬಿಗಳನ್ನು ಇಣುಕುವುದೆಂದರೆ ನನಗೆ ಬಲು ಖುಷಿ. ಒಬ್ಬ ಮುಸುಕಿನ ಜೋಳ ಬೇಯಿಸಿ ತಂದಿರುತ್ತಾನೆ, ಇನ್ನೊಬ್ಬ ರಾಗಿಹಿಟ್ಟಿಗೆ ಬೆಳ್ಳುಳ್ಳಿ ಜಜ್ಜಿ ಹಾಕಿ ಉಂಡೆ ಕಟ್ಟಿರುತ್ತಾನೆ, ಮತ್ತೊಬ್ಬನ ಡಬ್ಬಿ ತೆರೆದರೆ ಇಂಗಿನ ಘಾಟು. "ಗೆಂಡೆ ಮೀನಿಗೆ ಇದೇ ಬೇಕು ಸಾರ್, ಫೋನಲ್ಲಿ ನೋಡಿ ಕಲಿತೆ" ಎಂದು ಒಬ್ಬ ಹೆಮ್ಮೆಪಟ್ಟುಕೊಂಡ. ಅಲ್ಲಯ್ಯಾ, ಈ ವಿದ್ಯೆ ಈ ದಡದ ಅಡುಗೆಮನೆಗಳಲ್ಲಿ ಇನ್ನೂರು ಮುನ್ನೂರು ವರ್ಷಗಳಿಂದ ಇದೆ ಎಂದು ಅವನ ಪಕ್ಕದಲ್ಲೇ ಕೂತುಬಿಟ್ಟೆ. ಗೆಜೆಟಿಯರಿನಲ್ಲಿ ಈ ಕತೆ ಇಲ್ಲ, ನಾನು ಹುಡುಕಿ ನೋಡಿದ್ದೇನೆ. ಇಲ್ಲಿನ ಬೆಸ್ತರ ಕೇರಿಯ ಹಿರಿಯರ ಬಾಯಲ್ಲಿ ಮಾತ್ರ ಇದೆ. ಖುಷಿಯಾಗಿ ಹೇಳಲು ಹೊರಡುತ್ತೇನೆ, ಆದರೆ ಅರ್ಧಕ್ಕೆ ಬರುವಷ್ಟರಲ್ಲಿ ಆ ಖುಷಿ ಉಳಿಯುವುದಿಲ್ಲ.

ಪಾಳೇಗಾರರು ಈ ಸೀಮೆಯನ್ನು ಆಳುತ್ತಿದ್ದ ಕಾಲ. ಹೊಳೆಯ ದಡದಲ್ಲಿ ಬೆಸ್ತರ ಹನ್ನೆರಡು ಮನೆಗಳಿದ್ದವು. ಮಡುವಿನಲ್ಲಿ ಆಳೆತ್ತರದ ಗೆಂಡೆಯೊಂದಿತ್ತು ಎನ್ನುತ್ತಾರೆ. ಬಲೆ ಬೀಸಿದರೆ ಬಂಡೆಯ ಸಂದಿಗೆ ಸಿಕ್ಕಿ ಹರಿಯುತ್ತಿತ್ತು, ಎರೆಹುಳುವನ್ನಂತೂ ಅದು ಮೂಸುತ್ತಲೂ ಇರಲಿಲ್ಲ. ಒಮ್ಮೆ ಪಾಳೇಗಾರ ತನ್ನ ಮಗಳ ಮದುವೆ ನಿಶ್ಚಯಿಸಿದ. ಬೀಗರ ಎಲೆಗೆ ಆ ಗೆಂಡೆಯನ್ನೇ ಬಡಿಸುತ್ತೇನೆಂದು ತುಂಬಿದ ಸಭೆಯಲ್ಲಿ ಮಾತು ಕೊಟ್ಟುಬಿಟ್ಟ. ಒಂಬತ್ತನೆಯ ದಿನ ಬೆಳಗಾಗುವುದರೊಳಗೆ ಮೀನು ಅರಮನೆಗೆ ಬರಬೇಕು, ಬಾರದಿದ್ದರೆ ಹನ್ನೆರಡು ಮನೆಯವರೂ ಹೊಳೆ ಬಿಟ್ಟು ಹೊರಡಬೇಕು ಎಂದು ಕೇರಿಗೆ ಅಪ್ಪಣೆಯಾಯಿತು. ಹೊಳೆ ಬಿಟ್ಟ ಬೆಸ್ತ ಎಲ್ಲಿಗೆ ಹೋದಾನು?

ಕೇರಿಯಲ್ಲಿ ಮೀನಿಗೆ ಹಾಕುವ ಎರೆ ಕಲಸುವುದರಲ್ಲಿ ಎತ್ತಿದ ಕೈ ಎಂದರೆ ಸಣ್ಣಬೋರನ ಹೆಂಡತಿ ಚಿಕ್ಕತಾಯಿ. ಗೆಣಸನ್ನು ಹಬೆಯಲ್ಲಿ ಬೇಯಿಸಿ, ಸಿಪ್ಪೆ ಸುಲಿದು, ಹುರಿದ ರಾಗಿಹಿಟ್ಟು, ಬೆಲ್ಲ, ಚಿಟಿಕೆ ಇಂಗು ಹಾಕಿ ನೀರಿನಲ್ಲಿ ಒಡೆಯದಷ್ಟು ಗಟ್ಟಿಯಾಗಿ, ಬಾಯಲ್ಲಿ ಕರಗುವಷ್ಟು ಮೆತ್ತಗೆ ನಾದುತ್ತಿದ್ದಳು. ಆದರೆ ಕಲಸಿದೊಡನೆ ಗಾಳ ಹಾಕುವಂತಿರಲಿಲ್ಲ. ಏಳು ದಿನ ಬರಿಯ ಎರೆ ಹಾಕಿ ಮೀನನ್ನು ನಂಬಿಸಬೇಕು, ಗಾಳ ಎಂಟನೆಯ ದಿನಕ್ಕೆ. ಅದರಲ್ಲೂ ಒಂದು ಕಟ್ಟಳೆ. ಕಲಸಿದವಳು ದಿನವೂ ಮೊದಲ ತುಣುಕನ್ನು ತಾನು ತಿನ್ನಬೇಕು, ಉಳಿದದ್ದನ್ನು ಗಂಡನ ಕೈಗೆ ಕೊಡಬೇಕು, ಅವನೇ ನೀರಿಗೆ ಹಾಕಬೇಕು. ಅವಳು ಗಾಳದ ದಾರ ಮುಟ್ಟುವಂತಿಲ್ಲ, ಹಿಡಿದ ಮೀನನ್ನು ತಿನ್ನುವಂತಿಲ್ಲ. ಜೊತೆಯಲ್ಲಿ ಉಂಡವರನ್ನು ಕೊಲ್ಲಬಾರದೆಂಬುದು ಬೆಸ್ತರ ಲೆಕ್ಕಾಚಾರ. ನಮ್ಮ ಕಾಲೇಜುಗಳಲ್ಲಿ ಕಲಿಸಿದ ಯಾವ ನೀತಿಶಾಸ್ತ್ರದಲ್ಲೂ ಇಷ್ಟು ನಾಜೂಕಾದ ಮಾತನ್ನು ನಾನು ಓದಲಿಲ್ಲ.

ಆ ಏಳು ದಿನವೂ ಸಣ್ಣಬೋರ ಕೇರಿಯಲ್ಲಿರಲಿಲ್ಲ. ಮದುವೆಯ ಸಾಮಾನು ದಾಟಿಸಲು ಅವನನ್ನೂ ಅವನ ಹರಿಗೋಲನ್ನೂ ಅರಮನೆಯವರು ಎಳೆದುಕೊಂಡು ಹೋಗಿದ್ದರು. ನೀರಿಗೆ ಹಾಕುವುದಕ್ಕೆ ಯಾರ ಕೈಯಾದರೇನು, ದಾರ ಹಿಡಿಯಲು ಎಂಟನೆಯ ದಿನ ಗಂಡ ಬರುತ್ತಾನಲ್ಲ ಎಂದುಕೊಂಡಳು ಚಿಕ್ಕತಾಯಿ. ಅವಳು ಮಾಡಿದ ತಪ್ಪು ಅದೊಂದೇ. ದಿನವೂ ಬೆಳಗ್ಗೆ ಬಂಡೆಯಂಚಿಗೆ ಕೂತು, ಒಂದು ತುಣುಕು ತಿಂದು, ಮೊಣಕೈವರೆಗೆ ಕೈಯನ್ನು ನೀರಿಗಿಳಿಸಿ ಉಂಡೆ ಬಿಡುತ್ತಿದ್ದಳು. ನಾಲ್ಕನೆಯ ದಿನ ದೊಡ್ಡ ಗೆಂಡೆ ಬಂತು, ಅದರ ಹಿಂದೆ ಮರಿಗಳ ಹಿಂಡೂ ಬಂತು. ಆರನೆಯ ದಿನ ದೊಡ್ಡದು ಅವಳ ಬಳೆಯ ಸದ್ದಿಗೇ ಮೇಲೆದ್ದು ಅಂಗೈಯಿಂದಲೇ ತಿಂದಿತು. ಕಾವಲಿಗಿದ್ದ ಅರಮನೆಯ ಊಳಿಗದವನು ಅದನ್ನು ಕಂಡು, "ಏನವ್ವಾ, ಮೀನಿಗೇ ಮೊದಲು ಬೀಗರೂಟ ಹಾಕ್ತಿದ್ದೀಯ?" ಎಂದು ನಕ್ಕ. "ನಿಮ್ಮ ಬೀಗರಿಗಿಂತ ಇವು ವಾಸಿ ಕಣಪ್ಪ, ಉಪ್ಪಿಲ್ಲ ಅಂತ ಕ್ಯಾತೆ ತೆಗೆಯಲ್ಲ" ಎಂದಳಂತೆ.

ಎಂಟನೆಯ ಬೆಳಗ್ಗೆ ಸಣ್ಣಬೋರ ಬಂದು ಗಾಳ ಇಳಿಬಿಟ್ಟ. ಅದೇ ಎರೆ, ಅದೇ ಬಂಡೆ. ಮೀನು ತಳದಿಂದ ಅಲುಗಲಿಲ್ಲ. ಮೂರು ಸಲ ಎರೆ ಬದಲಿಸಿದ. ಹೊತ್ತು ನೆತ್ತಿಗೆ ಬಂತು. ದಡದ ಮೇಲೆ ಕೇರಿಯ ಜನ ಗಂಟು ಮೂಟೆ ಕಟ್ಟಿಟ್ಟುಕೊಂಡೇ ನಿಂತಿದ್ದರು. ಅಂಗೈ ಉಜ್ಜಿಕೊಳ್ಳುತ್ತಾ ಸಣ್ಣಬೋರ, "ಇದಕ್ಕೆ ನನ್ನ ಗುರ್ತಿಲ್ಲ ಕಣೇ" ಎಂದ. ಆಗ ಅವನ ತಾಯಿ ಹೊಳೆಸಿದ್ದಮ್ಮ ಸೊಸೆಯ ಹತ್ತಿರ ಬಂದು, "ದಾರ ನೀನು ಹಿಡಿ, ತಾಯಿ" ಎಂದಳು.

"ಅತ್ತೆ, ಏಳು ದಿನ ಜೊತೇಲಿ ಉಂಡಿದ್ದೀನಿ."

"ನಂಗೊತ್ತಿಲ್ವ? ಹನ್ನೆರಡು ಒಲೆ ಆರೋಯ್ತದೆ ಕಣವ್ವ. ಪಾಪ ಬಂದ್ರೆ ನನ್ನ ತಲೆ ಮೇಲೆ ಬರ್ಲಿ ಬಿಡು."

"ಅದು ನಿಮ್ಮನ್ನ ಕಂಡಿಲ್ವಲ್ಲ ಅತ್ತೆ. ನನ್ನ ಕಂಡಿರೋದು" ಎಂದಳು ಚಿಕ್ಕತಾಯಿ. ಹಾಗೆಂದವಳೇ ಬಂಡೆಯಂಚಿಗೆ ಹೋಗಿ ಕೂತಳು.

ಅಂದೂ ಮೊದಲ ತುಣುಕನ್ನು ಬಾಯಿಗೆ ಹಾಕಿಕೊಂಡಳು. ಕೇರಿಯವರು ಈ ಮಾತಿಗೆ ಬಂದಾಗ ಇವತ್ತಿಗೂ ದನಿ ತಗ್ಗಿಸುತ್ತಾರೆ. ಎರಡನೆಯ ಉಂಡೆಯೊಳಗೆ ಗಾಳವಿತ್ತು. ಕೈ ನೀರಿಗಿಳಿದು ಬಳೆ ಸದ್ದಾಯಿತು. ಗೆಂಡೆ ನಿಧಾನವಾಗಿ ಮೇಲೆ ಬಂದು ಅಂಗೈಗೆ ಮೂತಿ ಇಟ್ಟಿತು. ಎಳೆದಾಟವೇನೂ ಆಗಲಿಲ್ಲ ಎನ್ನುತ್ತಾರೆ, ಅವಳು ದಾರ ಜಗ್ಗಿದ ಕಡೆಗೇ ಅದು ಬಂತಂತೆ. ಮರಿಗಳ ಹಿಂಡು ಒಂದು ಗಳಿಗೆ ಅಲ್ಲೇ ನಿಂತಿದ್ದು, ಆಮೇಲೆ ತಳಕ್ಕೆ ಇಳಿದುಹೋಯಿತು. ನಾಲ್ಕು ಜನ ಹೊತ್ತು ಮೀನನ್ನು ಅರಮನೆಗೆ ಮುಟ್ಟಿಸಿದರು. ಬೀಗರು ಉಂಡು ಕೈ ತೊಳೆದರು. ಹೊಳೆ ನಿಮ್ಮ ಮಕ್ಕಳು ಮೊಮ್ಮಕ್ಕಳ ಕಾಲಕ್ಕೂ ನಿಮ್ಮದೇ ಎಂದು ಪಾಳೇಗಾರ ವೀಳ್ಯ ಕೊಟ್ಟು ಹೇಳಿದ, ಹೇಳಿದಂತೆ ನಡೆದುಕೊಂಡ. ಅದನ್ನೂ ಹೇಳಬೇಕು.

ಮಾರನೆಯ ಬೆಳಗ್ಗೆ ಚಿಕ್ಕತಾಯಿ ಗಾಳವಿಲ್ಲದ ಎರೆ ಕಲಸಿಕೊಂಡು ಮತ್ತೆ ಮಡುವಿಗೆ ಹೋದಳು. ತಾನೊಂದು ತುಣುಕು ತಿಂದಳು, ಬಳೆ ಆಡಿಸಿದಳು. ಉಂಡೆ ನೀರಿನಲ್ಲಿ ಕದಡಿ ಹೋಯಿತು, ಮೀನು ಬರಲಿಲ್ಲ. ನಲವತ್ತು ದಿನ ಹೀಗೇ ನಡೆಯಿತು. ಕೇರಿಯ ಹೆಂಗಸರು, "ಮೀನಿಗೆ ಬುದ್ಧಿ ಎಲ್ಲಿಂದ ಬಂತೇ, ಹುಚ್ಚಿ" ಎಂದು ರೇಗಿಸಿ ನೋಡಿದರು. ನಲವತ್ತೊಂದನೆಯ ದಿನ ಅವಳು ಒಲೆ ಹಚ್ಚಲೇ ಇಲ್ಲ. ಮಡಿಲ ತುಂಬ ಹಸಿ ಗೆಣಸು ತಂದು, ಒಂದೊಂದನ್ನೇ ಎರಡು ಹೋಳು ಮಾಡಿ, ಹೋಳಿನ ಒಳಮೈಯನ್ನು ನೀರಿನ ಕಡೆಗೆ ಹಿಡಿದು, "ನೋಡ್ಕಳಿ, ಒಳಗೇನೂ ಇಲ್ಲ" ಎಂದು ಹೇಳಿ ಬಿಡತೊಡಗಿದಳು. ಕಲಸಿದ್ದರಲ್ಲಿ ಏನು ಬೇಕಾದರೂ ಅಡಗಿಸಬಹುದು, ಹಸಿಯದರಲ್ಲಿ ಆಗುವುದಿಲ್ಲವಲ್ಲ. ಕೂದಲು ಪೂರಾ ನರೆತು ಬೆನ್ನು ಬಾಗುವವರೆಗೂ ಹೀಗೆ ಮಾಡಿದಳಂತೆ. ಅವಳು ಕಣ್ಣುಮುಚ್ಚುವ ಹೊತ್ತಿಗೆ ಜನರ ಬಾಯಲ್ಲಿ ಅದು ಗೆಣಸಿನ ಮಡುವಾಗಿತ್ತು.

ತೇಲಿಹೋದ ಹೋಳುಗಳು ಕೆಳಗಿನ ಮರಳಿಗೆ ಸಿಕ್ಕಿ ಚಿಗುರಿಕೊಂಡವು. ಅವುಗಳ ಬಳ್ಳಿ ಇವತ್ತಿಗೂ ಎರಡೂ ದಡದಲ್ಲಿ ಹಬ್ಬಿದೆ, ನಸುನೇರಳೆ ಹೂ ಬಿಡುತ್ತದೆ, ಬಂದವರು ಅದರ ಪಕ್ಕ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ಅದನ್ನು ಅಗೆಯುವವರು ಬೆಸ್ತರ ಕೇರಿಯ ಹೊಸ ಸೊಸೆಯರು ಮಾತ್ರ. ಮದುವೆಯಾಗಿ ಬಂದ ವಾರದಲ್ಲಿ ಒಂದು ಗೆಡ್ಡೆ ಕಿತ್ತು, ಎರಡು ಹೋಳು ಮಾಡಿ, ನೀರಿಗೆ ತೋರಿಸಿ ಬಿಡುತ್ತಾರೆ. ಮೀನು ಬರುವುದಿಲ್ಲವೇ ಎಂದು ಕೇಳಿದರೆ ಬರುತ್ತದೆ ಎನ್ನುತ್ತೇನೆ, ನಾನೇ ಕಂಡಿದ್ದೇನೆ. ತಳದಿಂದ ಒಂದು ಕರಿನೆರಳು ಎದ್ದು, ಹೋಳಿನ ಸುತ್ತ ಒಂದು ಸುತ್ತು ಹಾಕಿ, ತಿನ್ನದೆ ಇಳಿದುಹೋಗುತ್ತದೆ.