ಬಳೆಗಾರನ ಹೆಗಲ ಗಿಣಿ

ಮಧ್ಯಾಹ್ನದ ಜಪಕ್ಕೆ ಕುಳಿತಿದ್ದ ಶಿಷ್ಯನೊಬ್ಬ ನಡುವೆಯೇ ಎದ್ದು ಗುರುಗಳ ಬಳಿ ಬಂದು ಕೇಳಿದ: "ಗುರುಗಳೇ, ಮನಸ್ಸು ಏನಾದರೊಂದು ಬೇಕೆಂದು ಕಾಡುತ್ತಲೇ ಇರುತ್ತದೆ. ಕೇಳಿದ್ದನ್ನು ಚೂರು ಕೊಟ್ಟರೆ ತೆಪ್ಪಗಾಗುತ್ತದೆ. ಹಾಗೆ ಕೊಟ್ಟು ಸುಮ್ಮನಾಗಿಸಿದರೆ ತಪ್ಪೇನು?"

ಗುರುಗಳು ನಕ್ಕರು. "ತೆಪ್ಪಗಾಗುತ್ತದೆಯೇ? ಭೇಷ್! ಹಾಗಾದರೆ ಕುಳಿತುಕೋ, ಒಬ್ಬ ಬಳೆಗಾರನ ಕತೆ ಕೇಳು" ಎಂದು ಶುರುಮಾಡಿದರು.

ಒಬ್ಬ ಬಳೆಗಾರನಿದ್ದ. ಎಡ ಹೆಗಲಿಗೆ ಬಳೆ ಪೋಣಿಸಿದ ಮಲಾರ ಇಳಿಬಿಟ್ಟುಕೊಂಡು ಊರೂರು ಸುತ್ತುತ್ತಿದ್ದ. ಬಲ ಹೆಗಲ ಮೇಲೆ ಒಂದು ಗಿಣಿ. ಮರಿಯಿಂದ ಅವನೇ ಸಾಕಿದ್ದು. ಅವನಿಗೆ ಅದೆಂದರೆ ಜೀವ, ಅದಕ್ಕೂ ಅವನೆಂದರೆ ಅಷ್ಟೇ.

ಒಂದು ದಿನ ಗಿಣಿ ಅವನ ಕಿವಿಯನ್ನು ಮೆಲ್ಲಗೆ ಕಚ್ಚಿತು. ಅವನು ಸೊಂಟದ ಸಂಚಿಯಿಂದ ಒಂದು ಕಡಲೆಬೀಜ ತೆಗೆದುಕೊಟ್ಟ. ಗಿಣಿ ಸುಮ್ಮನಾಯಿತು. ಮರುದಿನ ಮತ್ತೆ ಕಚ್ಚಿತು, ಮತ್ತೆ ಕೊಟ್ಟ. ಕೊಡದೆ ಏನು ಮಾಡಿಯಾನು? ಯಾರದೋ ಮುಂಗೈ ಹಿಡಿದು ಗಾಜಿನ ಬಳೆ ಏರಿಸುವ ಕಸುಬು. ಗಿಣಿ ರಗಳೆ ಮಾಡಿದರೆ ಕೈ ಅಲುಗುತ್ತದೆ, ಗಾಜು ಚುಚ್ಚುತ್ತದೆ.

ಹೆಂಡತಿ ಗದರಿದಳು: "ಕಚ್ಚಿದಾಗ ಕೊಟ್ಟರೆ ಅದು ಕಚ್ಚುವುದನ್ನೇ ಕಲಿಯುತ್ತದೆ. ಕಚ್ಚಿದ ಕೂಡಲೇ ಮಾತಾಡದೆ ಕೆಳಗಿಳಿಸಿ. ಸುಮ್ಮನಿದ್ದಾಗ ಕೊಡಿ. ಹೆಗಲ ಮೇಲೆ ಕೂತದ್ದರ ಮುಖವಾದರೂ ನಿಮಗೆ ಕಾಣುತ್ತದೆಯೇ?"

"ಅಯ್ಯೋ ಬಿಡೇ, ಒಂದು ಬೀಜ ತಾನೇ? ನನ್ನ ಗಂಟೇನು ಹೋಗುತ್ತದೆ!" ಎಂದ ಬಳೆಗಾರ.

ಗಿಣಿಗೆ ಬರಬರುತ್ತ ಬೀಜ ಸಾಲದಾಯಿತು. ಬೀಜ ತಿಂದೂ ಕಿವಿ ಬಿಡಲಿಲ್ಲ. ತನಗೆ ಬೇಕಾದ ಕಡೆಗೆ ಅವನು ತಿರುಗಿದಾಗಲೇ ಬಿಟ್ಟಿತು. ಮಾವಿನ ಮರ ಕಂಡರೆ ಕಿವಿ ಜಗ್ಗುವುದು, ಅವನು ಮರದ ಕಡೆ ನಡೆಯುವನು. ನಾಯಿಯಿರುವ ಕೇರಿ ಬಂದರೆ ಜಗ್ಗುವುದು, ಅವನು ಹಿಂದಿರುಗುವನು. ಕಿವಿಯ ತುದಿ ಗಂಟುಗಟ್ಟಿತು. ನೋವು ನಿಂತಿತು. ಕಚ್ಚಿದ್ದು ಅವನಿಗೆ ತಿಳಿಯುವುದೂ ನಿಂತಿತು. "ಆ ಕೇರಿಗೆ ಯಾಕಪ್ಪಾ ಬರಲಿಲ್ಲ?" ಎಂದು ಹೆಂಗಸರು ಕೇಳಿದರೆ, "ಯಾಕೋ ಮನಸ್ಸಾಗಲಿಲ್ಲ ತಾಯಿ" ಎನ್ನುವನು. ಸುಳ್ಳಲ್ಲ, ಪಾಪ. ಹಾಗೆಂದೇ ನಂಬಿದ್ದ.

ಮಗಳ ಮದುವೆ ಕೂಡಿಬಂತು. ಇದ್ದವಳು ಒಬ್ಬಳೇ ಮಗಳು. ಅವಳು ಹುಟ್ಟಿದಂದಿನಿಂದ ಅವನಿಗೆ ಒಂದೇ ಆಸೆ. ಊರ ಹೆಣ್ಣುಮಕ್ಕಳಿಗೆಲ್ಲ ಬಳೆ ತೊಡಿಸಿದ ಕೈಯಿಂದಲೇ ತನ್ನ ಮಗಳಿಗೂ ಮದುವೆಯ ಬಳೆ ತೊಡಿಸಬೇಕು. ಬಳೆಗಾರರಲ್ಲಿ ಒಂದು ಕಟ್ಟಳೆಯುಂಟು. ಒಂದು ಕೈಗೆ ತೊಡಿಸಿ ಇನ್ನೊಂದನ್ನು ಬರಿದು ಬಿಟ್ಟು ಏಳಬಾರದು. ಮದುಮಗಳಿಗಂತೂ ಅದು ದೊಡ್ಡ ಅಪಶಕುನ. ಹಾಗಾದರೆ ಬೀಗರು ಮದುವೆಯನ್ನೇ ಮುರಿದುಕೊಂಡು ಹೋಗಬಹುದು.

ಮಗಳನ್ನು ಮಣೆಯ ಮೇಲೆ ಕೂರಿಸಿದರು. ಬೀಗರು ಸುತ್ತ ಕುಳಿತರು. ಬಳೆಗಾರ ಮಗಳ ಎಡಗೈ ಹಿಡಿದು ಹಸಿರು ಬಳೆ ಏರಿಸಿದ. ಅವನ ಕಣ್ಣು ತುಂಬಿಬಂತು. ಬಲಗೈ ಹಿಡಿದ. ಆಗ ಹೆಗಲ ಮೇಲೆ ಗಿಣಿ ಕದಲಿ ಕಿವಿ ಜಗ್ಗಿತು. ಅಷ್ಟು ಜನ ಅದಕ್ಕೆ ಹಿಡಿಸಲಿಲ್ಲವೋ ಏನೋ. ಬಳೆಗಾರ ಮಗಳ ಕೈ ಬಿಟ್ಟು ಎದ್ದ. ಯಾರತ್ತಲೂ ನೋಡದೆ ಹೊಸಿಲು ದಾಟಿ ಅಂಗಳಕ್ಕೆ ನಡೆದ.

ಬೀಗರ ಕಡೆಯವರು ಎದ್ದು ನಿಂತರು. ಹೆಂಡತಿ ಓಡಿಬಂದು ಗಿಣಿಯನ್ನು ಹೊಡೆದಟ್ಟಿದಳು. ಅದು ಹಾರಿ ಹುಣಸೆಮರ ಸೇರಿತು. "ಒಳಗೆ ಬನ್ನಿ, ನಿಮ್ಮ ದಮ್ಮಯ್ಯ! ಮಗಳ ಕೈ ಬರಿದಾಗಿದೆ" ಎಂದು ಅತ್ತಳು.

ಬಳೆಗಾರ ಕದಲಲಿಲ್ಲ. ಹೋಗಬೇಕೆಂದು ಅವನಿಗೆ ಗೊತ್ತಿತ್ತು. ಬಲಗೈಗೆ ತೊಡಿಸಬೇಕಾದ ಬಳೆಗಳು ಇನ್ನೂ ಅವನ ಬೆರಳಲ್ಲೇ ಇದ್ದವು. ಆದರೆ ಕಾಲು ಯಾವುದನ್ನೋ ಕಾಯುತ್ತಿತ್ತು. ಏನನ್ನು ಕಾಯುತ್ತಿದೆಯೆಂದು ಅವನಿಗೇ ತಿಳಿಯಲಿಲ್ಲ. ಅವನಿಗೆ ಬಹಳ ಹೆದರಿಕೆಯಾಯಿತು.

ಮಗಳು ಮಣೆಯಿಂದ ಎದ್ದು ಹೊರಗೆ ಬಂದಳು. ಅಪ್ಪನ ಮುಖ ನೋಡಿದಳು. ಬರಿಗೈ ಎತ್ತಿ, ಅವನ ಕಿವಿಯ ಗಂಟನ್ನು ಎರಡು ಉಗುರಿನಲ್ಲಿ ಹಿಡಿದು ಚಿವುಟಿದಳು.

ಬಳೆಗಾರ ತಟ್ಟನೆ ತಿರುಗಿದ. ನೆಟ್ಟಗೆ ಒಳಗೆ ಹೋಗಿ ಕುಳಿತು, ಮಗಳ ಬಲಗೈ ತುಂಬ ಬಳೆ ತೊಡಿಸಿದ. ಬೀಗರು ಉಸ್ಸೆಂದು ಕುಳಿತರು. ಆಮೇಲೆ ಅವನ ಕೈ ತಾನಾಗಿಯೇ ಸೊಂಟದ ಸಂಚಿಗೆ ಹೋಯಿತು. ಒಂದು ಕಡಲೆಬೀಜ ತೆಗೆದು ಮಗಳ ತುಟಿಗೆ ಹಿಡಿದ.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

ಶಿಷ್ಯ ಸಣ್ಣ ದನಿಯಲ್ಲಿ ಕೇಳಿದ: "ಮಗಳು ಅದನ್ನು ತಿಂದಳೇ?"

"ಅದಿರಲಿ, ಜಪದ ನಡುವೆ ಎದ್ದು ಬಂದೆಯಲ್ಲ, ನಿನ್ನನ್ನು ಎಬ್ಬಿಸಿದ್ದು ಯಾರು?"